ಹಕಾರದ ಪಾಠ

ಸೇಲಂನ ಟಾಕಿ ಸ್ಟುಡಿಯೊದಲ್ಲಿ ನನಗೆ ಸಿಕ್ಕ ಮೊದಲ ವಿದ್ಯೆ ಕಾಗೆ ಓಡಿಸುವುದು. ಬಯಲಲ್ಲಿ ಚಿತ್ರ ತೆಗೆಯುವಾಗ ಕಾಗೆ ಕೂಗಿದರೆ ಅದೂ ಮಾತಿನ ಜೊತೆ ಅಚ್ಚಾಗುತ್ತದೆಂದು ಕೈಗೆ ಕವಣೆ ಕೊಟ್ಟರು. ಮೈಸೂರಲ್ಲಿ ತಿಥಿಯ ದಿನ ಕಾಗೆಗಾಗಿ ಹಸಿದು ಕಾಯುವ ಮನೆಯವನು ನಾನು.

ಬಂದದ್ದು ಧ್ವನಿ ಹಿಡಿಯುವುದನ್ನು ಕಲಿಯಲು. ಇಲ್ಲಿಯ ಕಲಾವಿದನೊಬ್ಬ ನಮ್ಮ ನಾಟಕ ಕಂಪನಿಗೆ ಹೋಗಿ ಪರದೆ ಬರೆಯುವುದನ್ನು ಕಲಿಯಬೇಕು, ಬದಲಿಗೆ ನಾನು ಇಲ್ಲಿ ಒಂದು ವರ್ಷ ಯಂತ್ರ ಕಲಿಯಬೇಕು. ಯಜಮಾನರಿಬ್ಬರ ಒಪ್ಪಂದ ಇಷ್ಟೇ. ಅವನು ಅಲ್ಲಿ ಆಗಲೇ ಅರಮನೆ ಬರೆಯುತ್ತಿದ್ದನಂತೆ. ನನ್ನನ್ನು ಯಂತ್ರದ ಕೋಣೆಯ ಹೊಸ್ತಿಲಿಗೂ ಬಿಡಲಿಲ್ಲ. ಸಿನಿಮಾದವನಿಗೆ ಯಾರೂ ಮನೆ ಬಾಡಿಗೆಗೆ ಕೊಡದೆ ವೇಷದ ಬಟ್ಟೆಗಳ ನಡುವೆ ಮಲಗುತ್ತಿದ್ದೆ. ತಿಂಗಳಾದರೂ ನನಗೆ ಬಂದ ತಮಿಳು 'ತಣ್ಣಿ' ಒಂದೇ, ಅಂದರೆ ನೀರು.

ಆ ನೀರು ಹೊತ್ತು ತರುತ್ತಿದ್ದವಳು ಮಾದಮ್ಮ. ಪೆನ್ನಾಗರದ ಕಡೆಯ ಕುರಿ ಸಾಕುವ ಮನೆಯವಳು. ಒಂದು ದಿನ, "ಅಣ್ಣಾ, ಉಂಡ್ಯಾ?" ಎಂದಳು. ಅವರ ಮನೆಮಾತು ಕನ್ನಡವೆಂದು ಗೊತ್ತಿರಲಿಲ್ಲ; ಕೇಳಿ ಕಣ್ಣು ತುಂಬಿತು. ನಾನು ಉತ್ತರಿಸಿದ್ದಕ್ಕೆ ನಕ್ಕಳು. "ನೀ ಆಡೋದು ಅರಿಕತೆ ದಾಸಯ್ಯ ಆಡ್ದಂಗೈತೆ."

ಕನ್ನಡ ಚಿತ್ರವೊಂದು ಶುರುವಾಯಿತು. ತಂಗಿಯ ಸಣ್ಣ ಪಾತ್ರಕ್ಕೆ ನಾನೇ ಮಾದಮ್ಮನ ಹೆಸರು ಹೇಳಿದೆ. ಅವಳ ಹಕಾರ ತಿದ್ದಿದರೆ ನನ್ನನ್ನು ಯಂತ್ರದ ಮುಂದೆ ಕೂರಿಸುವುದಾಗಿ ಧ್ವನಿಯ ಇಂಜಿನಿಯರು ಮಾತು ಕೊಟ್ಟರು. ಅವಳಿಗಿದ್ದದ್ದು ಒಂದೇ ಮಾತು: "ಅಣ್ಣಾ, ಹಾಲು ಕುಡಿದು ಹೋಗು." ಅವಳ ಬಾಯಲ್ಲಿ ಅದು "ಆಲು ಕುಡ್ದು ಓಗು." ಎಂಟು ದಿನ ಅವಳ ಪ್ರಾಣ ತಿಂದೆ. "ಆಲು ಅಂದ್ರೆ ಕೆಟ್ಟೋಯ್ತದಾ ಅಣ್ಣಾ?" ಎಂದು ಕೇಳಿದಳು. ಕೆಟ್ಟುಹೋಗುತ್ತದೆ ಎಂದೆ.

ಚಿತ್ರ ತೆಗೆಯುವ ದಿನ ದೀಪದ ಝಳಕ್ಕೆ ಬೆವೆತು, ಎಲ್ಲಿಯೂ ತಪ್ಪಬಾರದೆಂದು ಹೆದರಿ, ಮಾದಮ್ಮ ಗಟ್ಟಿಯಾಗಿ ಹೇಳಿದಳು: "ಹಣ್ಣಾ, ಹಾಲು ಕುಡಿದು ಹೋಗು."

ಬೆಂಗಳೂರಿನ ನಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಪಾತ್ರ ಬೇರೆಯವಳಿಗೆ ಹೋಯಿತು. ನಾನು ಪಟ್ಟ ಪಾಡು ನೋಡಿ ಇಂಜಿನಿಯರು ಮಾತ್ರ ಮಾತು ಉಳಿಸಿಕೊಂಡರು. ಯಂತ್ರದ ಮುಂದೆ ಕೂತೆ, ಹೆಡ್‌ಫೋನು ಕಿವಿಗೆ ಹಾಕಿಕೊಂಡೆ. ಹೊಸಬಳ ಹಕಾರ ಚೊಕ್ಕವಾಗಿತ್ತು. ಹೊರಗೆ ಬಂದಾಗ ಮಾದಮ್ಮ ಕೊಡ ಇಳಿಸುತ್ತಿದ್ದಳು.

"ತಣ್ಣಿ ವೇಣುಮಾ, ಸಾರ್?" ಎಂದು, ನೀರು ಬೇಕೇ ಎಂಬುದನ್ನು ತಮಿಳಿನಲ್ಲಿ ಕೇಳಿದಳು.

ಯುಗಾದಿಗೆ ಮೈಸೂರಿಗೆ ಹೋಗಿದ್ದೆ. ಹೊರಡುವಾಗ ನನಗರಿವಿಲ್ಲದೆ, "ಓಗ್ಬತ್ತೀನಮ್ಮ" ಎಂದೆ. ಇದ್ಯಾವೂರ ಮಾತೋ ಎಂದು ಅಮ್ಮ ನಕ್ಕಳು. ಸೇಲಂನಲ್ಲಿ ನನ್ನನ್ನು ಅಣ್ಣಾ ಎನ್ನುವವರು ಈಗ ಯಾರೂ ಇಲ್ಲ.