ಕೂಣಿ ಬಿಟ್ಟ ಚಿಕ್ಕಬೀರಪ್ಪ

ಬೇಸಿಗೆಯ ಕೊನೆಗೆ ಕೆರೆಯಲ್ಲಿ ಮೊಣಕಾಲುದ್ದ ನೀರುಳಿದಾಗ ಊರಿಗೆ ಊರೇ ಕೂಣಿ ಹಿಡಿದು ಒಟ್ಟಿಗೆ ನುಗ್ಗುತ್ತದಲ್ಲ, ಆ ಕೆರೆಬೇಟೆಯಲ್ಲಿ ತಾಳಗುಂದದ ಸುತ್ತಿನಲ್ಲಿ ಚಿಕ್ಕಬೀರಪ್ಪನನ್ನು ಮೀರಿಸುವವರಿರಲಿಲ್ಲ. ತಳವಿಲ್ಲದ ಆ ಬಿದಿರಿನ ಬುಟ್ಟಿಯನ್ನು ಅವನು ಕೆಸರಿಗೆ ಊರಿದನೆಂದರೆ ಒಳಗೆ ಮೀನು ಸಿಕ್ಕಿತೆಂದೇ ಲೆಕ್ಕ. ಒಂದು ಮೀನಿಗೂ ಯಾರ ಬಾಗಿಲಿಗೂ ಹೋದವನಲ್ಲ. ಆ ಜಂಬ ಧಾರಾಳವಾಗಿತ್ತು. ತಾಯಿಯಿಲ್ಲದ ಮಗಳು ಬಂಗಾರಿಯನ್ನು ಮೀನಿನ ಸಾರು ಉಣ್ಣಿಸಿಯೇ ಸಾಕಿದ್ದ.

ಬಂಗಾರಿ ಹೊಸಬಾಳೆಯ ಸಿದ್ಧಲಿಂಗೇಶನನ್ನು ಮೆಚ್ಚಿ ಮದುವೆಯಾದಳು. ಅವರದು ಲಿಂಗ ಕಟ್ಟುವ ಮನೆ, ಮೀನಿನ ಹೆಸರೆತ್ತುವಂತಿಲ್ಲ. ಹುಡುಗ ಒಳ್ಳೆಯವನೇ, ಆದರೆ ಮಗಳು ತವರಿಗೆ ಬರಲೇ ಇಲ್ಲ. ನಮ್ಮ ಮನೆಯ ಮೀನಿನ ವಾಸನೆಗೇ ಕಳಿಸುತ್ತಿಲ್ಲ ಎಂದು ಚಿಕ್ಕಬೀರಪ್ಪ ತಾನೇ ತೀರ್ಮಾನಿಸಿಬಿಟ್ಟ. ಬಾಯಿಬಿಟ್ಟು ಕೇಳುವ ಜಾಯಮಾನ ಅವನದಲ್ಲ. ಬಸ್ಸಿನ ಸದ್ದಾದರೆ ಹೊರಗೆ ಬರುವನು, ಇಳಿದವರನ್ನು ನೋಡಿ ಒಳಗೆ ಹೋಗುವನು. ಮಗಳನ್ನು ನೋಡುವ ಆಸೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ತೊಂಬತ್ತಾರರ ಬೇಸಿಗೆಯಲ್ಲಿ ಮನಸ್ಸು ಗಟ್ಟಿಮಾಡಿ ಕೂಣಿಯನ್ನು ಪಕ್ಕದ ಮನೆಯ ಹುಲಿಗೆಮ್ಮನಿಗೆ ಕೊಟ್ಟ, ಮೀನಿನ ಗಡಿಗೆ ಒಡೆದ, ಮನೆಗೆಲ್ಲ ಸುಣ್ಣ ಬಳಿದ. ಒಂದು ಸಲ ಬಂದುಹೋಗು ಎಂದು ಮಗಳಿಗೆ ಹೇಳಿಕಳಿಸಿದ.

ಬಂಗಾರಿ ಬಂದದ್ದು ಸರಿಯಾಗಿ ಕೆರೆಬೇಟೆಯ ದಿನ. ತುಂಬು ಬಸುರಿ. ಊರೆಲ್ಲ ಕೆರೆಯಲ್ಲಿ, ಅಪ್ಪ ಮಾತ್ರ ಜಗಲಿಯ ಮೇಲೆ.

"ಯಾಕಪ್ಪ, ಬ್ಯಾಟಿಗೆ ಹೋಗಿಲ್ಲೇನು? ಮೀನಿನ ಸಾರು ಉಣ್ಣಾಕಂತಲೇ ಬಂದೀನಿ."

"ನಿಮ್ಮನ್ಯಾಗ ಏನಂತಾರವ್ವಾ?"

"ಬಯಕಿ ತೀರಿಸ್ಕೊಂಡು ಬಾ ಅಂತ ಅವರೇ ಕಳಿಸ್ಯಾರ. ಇಷ್ಟು ದಿನ ನಾನೇ ಬರ್ಲಿಲ್ಲ. ಇಲ್ಲಿಗೆ ಬಂದು ಮೀನು ಉಣ್ಣದಂಗ ಇರಾಕ ನನ್ನ ಕೈಲಿ ಆಗುತ್ತಾ?"

ಚಿಕ್ಕಬೀರಪ್ಪ ಜಗಲಿಯಿಂದ ಇಳಿದ. ಚಪ್ಪಲಿಯನ್ನೂ ಮೆಟ್ಟದೆ ಹೋಗಿ, ಆಗತಾನೇ ಕೆರೆಯಿಂದ ಬಂದಿದ್ದ ಹುಲಿಗೆಮ್ಮನ ಬಾಗಿಲಲ್ಲಿ ನಿಂತ.

"ಹುಲಿಗೆಮ್ಮಾ, ಒಂದು ಮೀನು ಕೊಡವ್ವ. ಮಗಳು ಬಂದಾಳ."

"ನಿನ್ನ ಕೂಣ್ಯಾಗ ಬಿದ್ದದ್ದೇ ತಗಾ ಅಣ್ಣಾ" ಎಂದು ಅವಳು ಮೀನಿನ ಜೊತೆ ಗಡಿಗೆಯನ್ನೂ ಕೊಟ್ಟಳು.

ಬಂಗಾರಿ ಬೆವರಿಳಿಯುವವರೆಗೂ ಉಂಡಳು. ಅಪ್ಪ ಸೋಪು ತಂದುಕೊಟ್ಟರೆ ಬೇಡವೆಂದು ಬರೀ ನೀರಿನಲ್ಲಿ ಕೈ ತೊಳೆದು ಮೂಸಿಕೊಂಡಳು.

"ಇರ್ಲಿ ಬಿಡಪ್ಪ. ಹೊಸಬಾಳೆ ಬಂದ ಮ್ಯಾಲೆ ತೊಳ್ಕಂತೀನಿ."

ಸಂಜೆ ಬಸ್ಸು ಹೊರಟಾಗ ಅವಳು ಅಪ್ಪನಿಗೆ ಬೀಸಿದ್ದು ಎಡಗೈ. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು.