ಗಂಡು ಹೂ ಕೇಳಿದ ಜುವೈನಾ

ಪಕ್ಕದ ಮನೆಯ ಜುವೈನಾಳ ಹಠ ಎಂಥದೆಂದು ಒಮಾನಿನ ಈ ಬೆಟ್ಟದ ಬುಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತಾಯಿ ಕೊಟ್ಟ ಒಂದೇ ಒಂದು ಖರ್ಜೂರದ ಮರ ಅವಳದು. ಜಾತಿ ನಘಾಲ್, ಊರಿಗೆಲ್ಲ ಮೊದಲು ಹಣ್ಣಾಗುವುದು ಅದೇ. ಅದರ ಗರಿಯಲ್ಲಿ ಚಾಪೆ ಹೆಣೆದಳು, ನಾರಿನಲ್ಲಿ ಹಗ್ಗ ಹೊಸೆದಳು, ಬೀಜ ನೆನೆಸಿ ಹಾಕಿ ಆಡು ಸಾಕಿದಳು. ಮರ ಅವಳದಾದರೂ ನೆಲ, ನೀರು ಮೈದುನ ಹಮೂದನದು. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ; ಗಂಡು ಹೂ ತಂದು ಹೆಣ್ಣು ಹೂವಿಗೆ ಕೈಯಾರೆ ಕಟ್ಟಿದರೇ ಕಾಯಿ. ಹೊತ್ತಿಗೆ ಸರಿಯಾಗಿ ಗಂಡು ಹೂ ಸಿಗದೆ ಎರಡು ವರ್ಷದಿಂದ ಮರ ಕಾಯಿ ಕಚ್ಚಿರಲಿಲ್ಲ.

"ಅತ್ತಿಗೆ, ಈ ವರ್ಷಾನೂ ಕಾಯಿ ಬಿಡ್ಲಿಲ್ಲ ಅಂದ್ರೆ ಮರ ಕಡಿಸ್ತೀನಿ. ಅದರ ಪಾಲಿನ ನೀರು ನನ್ನ ನಿಂಬೆ ಗಿಡಕ್ಕೆ," ಎಂದ ಹಮೂದ್, ಹಿರಿಯರ ಎದುರಿಗೇ.

"ಆಗ್ಲಿ. ಬಿಟ್ರೆ ನೀನು ಬಾಯಿ ಮುಚ್ಕೊಂಡಿರು," ಎಂದಳು.

ನಘಾಲ್ ಹೂ ಬಿಡುವುದೂ ಬೇಗ, ಊರಿನ ಗಂಡು ಮರಗಳು ಏಳುವ ಮೊದಲೇ. ಅದಕ್ಕೇ ಹೋದ ವರ್ಷದ ಗಂಡು ಹೂವಿನ ಪುಡಿಯನ್ನು ಜಾಡಿಯಲ್ಲಿ ಜೋಪಾನ ಮಾಡಿದ್ದಳು. ಹೆಣ್ಣು ಹೂ ಬಿರಿದ ಬೆಳಿಗ್ಗೆ ನೋಡಿದರೆ ಜಾಡಿ ಖಾಲಿ! ಗಂಡ ಮರ್ಹೂನ್ ಅದನ್ನು ಜೇನಿನಲ್ಲಿ ಕಲಸಿ ತಿಂದುಬಿಟ್ಟಿದ್ದ. ಶಕ್ತಿ ಬರುತ್ತದೆಂದು ನಮ್ಮ ಗಂಡಸರು ತಿನ್ನುವುದುಂಟು. ಅವರ ಬುದ್ಧಿಗಿಷ್ಟು!

"ಮಂಡಿ ನೋವಿಗೆ ಒಳ್ಳೇದು ಅಂತ..." ಎಂದು ಮರ್ಹೂನ್ ತೊದಲಿದ.

"ಮಂಡಿ ಹಾಳಾಗ್ಲಿ! ನನ್ನ ಮರಾನೇ ನುಂಗಿದ್ರಲ್ರೀ!"

ಗಳಗಳನೆ ಅತ್ತಳು. ಹೆಣ್ಣು ಹೂ ಕೆಲವೇ ದಿನ ಕಾಯುತ್ತದೆ. ಬಿರಿಯುವ ಹಂತಕ್ಕೆ ಬಂದ ಗಂಡು ಹೂ ಇದ್ದದ್ದು ಒಂದೇ ಮರದಲ್ಲಿ, ಅದೂ ಹಮೂದನದು.

ನಮ್ಮೂರಲ್ಲಿ ಗಂಡು ಹೂ ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಆದರೆ ಬಾಯಿಬಿಟ್ಟು ಕೇಳಬೇಕು. ಜುವೈನಾ ಮುಖ ತೊಳೆದು, ಗಂಡಸರು ಕಾಫಿಗೆ ಕೂತಿದ್ದ ಚಾವಡಿಗೆ ನೇರ ನಡೆದಳು. ನಾನು ಬಿಡುತ್ತೇನೆಯೇ? ಹಿಂದೆಯೇ ಹೋದೆ.

"ಹಮೂದ್, ನಿನ್ನ ಮರದ ಗಂಡು ಹೂ ಬೇಕು."

ಎಲ್ಲರ ಕಣ್ಣೂ ಅವನ ಮೇಲೆ. "ತಗೊಳ್ಳಿ ಅತ್ತಿಗೆ. ಆದ್ರೆ ಮರ ಹತ್ತೋರೆಲ್ಲ ನನ್ನ ತೋಟದ ಕೆಲ್ಸದಲ್ಲಿದಾರೆ," ಎಂದು ಹಲ್ಲು ಕಿರಿದ.

"ನಿನ್ನ ಆಳು ಯಾರಿಗೆ ಬೇಕು? ನನಗೆ ಕೈಕಾಲಿಲ್ವಾ?"

ಮೊಮ್ಮಕ್ಕಳನ್ನು ಕಂಡ ಹೆಂಗಸು ತನ್ನ ನಡುವಿಗೂ ಹಮೂದನ ಗಂಡು ಮರಕ್ಕೂ ಹಗ್ಗ ಬಳಸಿ ಬಿಸ್ಮಿಲ್ಲಾ ಎಂದು ಹತ್ತಿಯೇಬಿಟ್ಟಳು.

"ಇಳಿಯೇ, ಬಿದ್ರೆ ಏನೇ ಗತಿ?" ಎಂದು ಮರ್ಹೂನ್ ಕೆಳಗಿನಿಂದ ಕೂಗಿದ.

"ಬಿದ್ರೆ ಹಿಡ್ಕೊಳ್ಳಿ. ಶಕ್ತಿ ಬಂದಿದೆಯಲ್ಲ ನಿಮಗೆ!"

ಗಂಡು ಹೂ ಕೊಯ್ದು ಇಳಿದವಳು ಕೂಡಲೇ ತನ್ನ ಮರ ಹತ್ತಿ, ಒಂದೊಂದು ಹೆಣ್ಣು ಗೊಂಚಲಿನೊಳಗೂ ಅದರ ಎಳೆ ಸಿಕ್ಕಿಸಿ ಕಟ್ಟಿದಳು.

ಬೇಸಿಗೆ ಕಾಲಿಡುತ್ತಲೇ ಗೊನೆಗಳು ಹಳದಿಗೆ ತಿರುಗಿದವು. ಊರಿನ ಮೊದಲ ಹಣ್ಣನ್ನು ತಟ್ಟೆಯ ತುಂಬ ಒಯ್ದು ಹಮೂದನ ಮುಂದಿಟ್ಟಳು. ಅವನು ತಲೆ ಎತ್ತಲಿಲ್ಲ.

"ತಿನ್ನಪ್ಪ, ನಾಚ್ಕೋಬೇಡ. ಗಂಡಿನ ಕಡೆಯೋನು ನೀನು, ನಿನಗೇ ಮೊದಲು."

ಚಾವಡಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಹಮೂದನೂ ನಕ್ಕು ಒಂದು ಹಣ್ಣು ಬಾಯಿಗಿಟ್ಟ. ಅಂದು ಸಂಜೆ ನಘಾಲ್ ಮರದ ಬುಡಕ್ಕೆ ಕಾಲುವೆ ತಿರುಗಿಸಿದವನು ಅವನೇ.