ಲೋಕಲ್ ಗಾಡಿಯಲ್ಲಿ ಬಿಳಿ ಕೂಸು

ಲೋಕಲ್‌ನಲ್ಲಿ ನನಗೆ ಕೂಡಲು ಜಾಗ ಸಿಕ್ಕಿತೆಂದರೆ, ಎದುರಿಗೆ ಕೂಸು ಎತ್ತಿಕೊಂಡು ನಿಂತವಳನ್ನು ನಾನು ಕೇಳುವುದಿಲ್ಲ. ಕೂಸನ್ನು ಎಳೆದು ಮಡಿಲಿಗೆ ಹಾಕಿಕೊಳ್ಳುತ್ತೇನೆ. ಎದ್ದು ಜಾಗ ಕೊಡುವಷ್ಟು ಒಳ್ಳೆಯವಳು ನಾನಲ್ಲ, ಮೊಣಕಾಲೂ ಬಿಡುವುದಿಲ್ಲ. ಮುಂಬಯಿಯಲ್ಲಿ ಇದು ರೂಢಿ. ಕುಂತವರ ಮಡಿಲು ಎಲ್ಲರದು. ಕೂಸು ಇಡಲಿ, ಕೊತ್ತಂಬರಿ ಸಿವುಡು ಇಡಲಿ, ಹೆಸರು ಯಾರೂ ಕೇಳುವುದಿಲ್ಲ.

ಪರದೇಶದವರು ನಮ್ಮನ್ನು ನೋಡಿ ಹೋಗಿ ಎರಡು ಮಾತು ಹೇಳುತ್ತಾರಂತೆ. ಕೆಲವರು ಇಲ್ಲಿಯವರು ಕಳ್ಳರು ಅನ್ನುತ್ತಾರೆ, ಕೆಲವರು ದೇವರಂಥವರು ಅನ್ನುತ್ತಾರೆ. ಇದನ್ನು ಹೇಳಿದವಳು ನಮ್ಮ ಬಿಲ್ಡಿಂಗಿನ ಟೀಚರಬಾಯಿ. ಧಾರವಾಡದವಳು, ಇಂಗ್ಲಿಷ್ ಬಲ್ಲವಳು. ನಾನು ಅಕ್ಷರ ಕೂಡಿಸಿ ಓದುವವಳು. ನನ್ನನ್ನು ಕೇಳಿದರೆ ಎರಡೂ ಖರೆ. ಒಂದೇ ದಿನದಲ್ಲಿ ಎರಡೂ ಆಗಬಹುದು.

ಬಿಳಿಯರು ರಾಜ್ಯ ಬಿಟ್ಟು ಹೋಗಿ ಆರೇಳು ವರ್ಷವಾಗಿತ್ತು. ಒಂದು ಸಂಜೆ ಫೋರ್ಟಿನಲ್ಲಿ ಕನ್ನಡಕ ಮಾಡಿಸಿಕೊಂಡು ಟೀಚರಬಾಯಿಯ ಜೊತೆ ಅಂಧೇರಿಗೆ ಹೊರಟಿದ್ದೆ. ಹೆಂಗಸರ ಡಬ್ಬಿಗೆ ಒಬ್ಬ ಬಿಳಿ ಹೆಣ್ಣುಮಗಳು ಕೂಸಿನ ಸಮೇತ ಹತ್ತಿದಳು. ಜಾಗವಿರಲಿಲ್ಲ. ನನ್ನ ಕೈ ಸುಮ್ಮನಿರುತ್ತದೆಯೇ? ಕೂಸನ್ನು ಎಳೆದೆ. ಆಕೆ ಕಿರುಚಿದ ದನಿಗೆ ಮೀನಿನ ಬುಟ್ಟಿಯವಳೂ ಮಾತು ನಿಲ್ಲಿಸಿದಳು.

ಟೀಚರಬಾಯಿ ನಡುವೆ ಬಂದು ಸಮಾಧಾನ ಮಾಡಿದಳು. ಆ ದಿನ ಬೆಳಿಗ್ಗೆ ಬಂದರದಲ್ಲಿ ಒಬ್ಬ, ಹೊತ್ತುಕೊಡುತ್ತೇನೆಂದು ಆಕೆಯ ಟ್ರಂಕು ಹೊತ್ತವನು ಹೊತ್ತೇ ಹೋಗಿದ್ದನಂತೆ. ಗಂಡ ಅಂಧೇರಿಯಲ್ಲಿ ಕಾಯುತ್ತಿದ್ದನಂತೆ. ಇಲ್ಲಿ ಕೂಸು ಹೀಗೇ ಕೊಡುವುದು ಎಂದು ಟೀಚರಬಾಯಿ ತಿಳಿಸಿ ಹೇಳಿದ ಮೇಲೆ, ಒಲ್ಲದ ಮನಸ್ಸಿನಿಂದ ಕೊಟ್ಟಳು.

ದಾದರ್ ಬಂತು. ದಾದರಿನಲ್ಲಿ ಇಳಿಯುವವರು ಇಳಿಯದವರನ್ನೂ ಇಳಿಸಿಕೊಂಡೇ ಹೋಗುತ್ತಾರೆ. ಬಾಗಿಲ ಕಡೆ ನಿಂತಿದ್ದ ಆಕೆಯನ್ನು ಮಂದಿ ಪ್ಲಾಟ್‌ಫಾರ್ಮಿಗೆ ಒಯ್ದರು. ಗಾಡಿ ಹೊರಟಿತು. ಕೂಸು ನನ್ನ ಮಡಿಲಲ್ಲಿ.

ಡಬ್ಬಿಯೆಲ್ಲ ಗದ್ದಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿದೆವು. ತಿರುಗಿ ದಾದರಿಗೆ ಹೋಗೋಣ ಎಂದು ಟೀಚರಬಾಯಿ ಅಳುವುದಕ್ಕೇ ನಿಂತಳು.

"ನಾವು ಆ ಕಡೆ ಹೋದ್ರ ಆಕಿ ಈ ಕಡೆ ಬರ್ತಾಳ. ಸುಮ್ನ ಕುಂಡ್ರು," ಅಂದೆ.

ಹೇಳುವುದು ಹೇಳಿದೆ, ಕಣ್ಣು ಮಾತ್ರ ದಾದರಿನ ಕಡೆಯ ಹಳಿಯ ಮೇಲೇ ಇತ್ತು. ಬೆಳಿಗ್ಗೆ ಟ್ರಂಕು ಹೋಗಿದೆ, ಸಂಜೆ ಕೂಸು. ಆ ಹುಡುಗಿ ಅಲ್ಲಿ ಏನು ತಿಳಿದುಕೊಂಡಿರಬೇಕು? ಕೂಸು ಚೀರತೊಡಗಿತು. ಮಂದಿ ಕೂಡಿದರು. ನನ್ನ ಕರಿ ತೋಳು, ಅದರ ಬಿಳಿ ಮೈ ನೋಡಿ ಒಬ್ಬ ಟೊಪ್ಪಿಗೆಯವನು ಎಲ್ಲಿಂದ ಕದ್ದು ತಂದೆ ಎಂದು ಕೇಳಿಯೇಬಿಟ್ಟ.

"ಕದ್ದಾಕಿ ಬೆಂಚಿನ ಮ್ಯಾಲ ಕುಂತು ನಿನ್ನ ದಾರಿ ಕಾಯ್ತಾಳೇನೊ, ಶಾಣ್ಯಾ?"

ಅಷ್ಟರಲ್ಲಿ ದಾದರಿನಿಂದ ನಮ್ಮ ಹಿಂದಿನ ಗಾಡಿ ಬಂತು. ಬಾಗಿಲಲ್ಲಿ ಆಕೆ ಇದ್ದಳು. ಗುರುತಿಲ್ಲದ ಒಬ್ಬ ಮರಾಠಿ ಮುದುಕಿ ಆಕೆಯ ರಟ್ಟೆ ಹಿಡಿದುಕೊಂಡಿದ್ದಳು. ದಾದರಿನ ಹೆಂಗಸರೇ ಆಕೆಯನ್ನು ಗಾಡಿಗೆ ತಳ್ಳಿ, ಕೂಸು ಮುಂದಿನ ಗಾಡಿಯಲ್ಲಿ ಹೋಗಿದೆ ಎಂದು ಒಳಗಿದ್ದವರಿಗೆ ಕೂಗಿ ಹೇಳಿದ್ದರಂತೆ. ಆಕೆಯ ಭಾಷೆ ಅವರಿಗೆ ತಿಳಿಯದು, ಅವರದು ಆಕೆಗೆ ತಿಳಿಯದು. ಮುದುಕಿ ಆಕೆಯನ್ನು ಇಳಿಸಿ, ನನ್ನತ್ತ ಕೈ ತೋರಿಸಿ, ಅದೇ ಗಾಡಿಯಲ್ಲಿ ಹೋಗಿಬಿಟ್ಟಳು.

ಕೆನ್ನೆಗೆ ಒಂದು ಬೀಳುತ್ತದೆ ಎಂದು ನಾನು ಗಟ್ಟಿಯಾಗಿ ಕೂತಿದ್ದೆ. ಆಕೆ ಕೂಸನ್ನು ತೆಗೆದುಕೊಂಡು ಅದರ ನೆತ್ತಿಗೆ ಮೂಗು ಹಚ್ಚಿ ನಿಂತಳು. ನಮ್ಮನ್ನು ಬೈಯಲಿಲ್ಲ, ಹೊಗಳಲೂ ಇಲ್ಲ.

ಮುಂದಿನ ಗಾಡಿಗೂ ಅಷ್ಟೇ ಮಂದಿ. ನನ್ನ ನರೆಗೂದಲು ನೋಡಿ ಯಾರೋ ಜಾಗ ಕೊಟ್ಟರು. ಈ ಸಲ ನಾನು ಕೈ ಚಾಚಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. ಗಾಡಿ ಒಂದು ಸಲ ಜೋಲಿ ಹೊಡೆಯಿತು. ಆಕೆ ಡಬ್ಬಿಯನ್ನೆಲ್ಲ ಒಮ್ಮೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಗ್ಗಿ, ತಾನಾಗಿಯೇ ಕೂಸನ್ನು ನನ್ನ ಮಡಿಲಲ್ಲಿ ಇಟ್ಟಳು.

ನಾನು ನೆರೆಮನೆಗೆ ಕುಟ್ಟುವ ಒಳ್ಳು ಕೊಟ್ಟರೆ ತಿರುಗಿ ಬರುವ ತನಕ ನಾಲ್ಕು ಸಲ ಇಣುಕುವವಳು. ಈಕೆಯಂಥ ಎದೆ ಎಲ್ಲಿ ಸಿಗುತ್ತದೆ ಎಂದು ಟೀಚರಬಾಯಿಯನ್ನು ಕೇಳಿದೆ. ಅಷ್ಟು ಓದಿದವಳು, ಸೆರಗಿನಿಂದ ಕೂಸಿಗೆ ಗಾಳಿ ಹಾಕತೊಡಗಿದಳು.

ಬಾಂದ್ರಾ ದಾಟುವ ಮೊದಲೇ ಕೂಸು ನನ್ನ ಸೀರೆ ತೋಯಿಸಿತು. ಅಂಧೇರಿ ಬರುವ ತನಕ ನಾನು ಅಲುಗಾಡಲಿಲ್ಲ.